ಪಿತ್ತಕೋಶವನ್ನು ಮುಡಿದವರು

1879ರ ಜನವರಿ 22ರ ರಾತ್ರಿ ಬ್ರಿಟಿಷ್ ಸೇನಾಪತಿ ಲಾರ್ಡ್ ಚೆಲ್ಮ್ಸ್‌ಫರ್ಡ್ ಇಸಾಂಡ್ಲ್ವಾನಾ ಬೆಟ್ಟದ ಬುಡಕ್ಕೆ ಮರಳಿದ. ಬೆಳಗಿನ ಜಾವ ಅಲ್ಲಿ ಬಿಟ್ಟುಹೋಗಿದ್ದ ಶಿಬಿರ ಈಗ ಹೆಣಗಳ ಬಯಲಾಗಿತ್ತು. ಜುಲು ದೊರೆ ಸೆಟ್ಶ್ವಾಯೊನ ಸುಮಾರು 20,000 ಸೈನಿಕರು ಹಗಲಿನಲ್ಲಿ ಎರಗಿ, ಬ್ರಿಟಿಷರ ಕಡೆಯ 1,300ಕ್ಕೂ ಹೆಚ್ಚು ಜನರನ್ನು ಕೊಂದಿದ್ದರು. ಹೆಣಗಳ ನಡುವೆಯೇ ರಾತ್ರಿ ಕಳೆಯಬೇಕಾಗಿ ಬಂದ ಸೈನಿಕರನ್ನು ಸೋಲಿನಷ್ಟೇ ಕಾಡಿದ ಸಂಗತಿ ಇನ್ನೊಂದಿತ್ತು. ಸತ್ತವರಲ್ಲಿ ಬಹಳ ಮಂದಿಯ ಹೊಟ್ಟೆಯನ್ನು ಸೀಳಲಾಗಿತ್ತು.

ಬ್ರಿಟನ್ನಿನ ಓದುಗರಿಗೆ ಈ ಸುದ್ದಿ ಕಾಡುಜನರ ಕ್ರೌರ್ಯವಾಗಿ ತಲುಪಿತು. ಜುಲು ಸೈನಿಕನಿಗೆ ಅದು ಕೊಂದವನು ತೀರಿಸಲೇಬೇಕಾದ ಕರ್ತವ್ಯ. ಸತ್ತವನ ಹೊಟ್ಟೆ ಉಬ್ಬುತ್ತದೆ. ಅದನ್ನು ಬಿಡಿಸದೆ ಹೋದರೆ ಕೊಂದವನ ಹೊಟ್ಟೆಯೂ ಹಾಗೆಯೇ ಉಬ್ಬಿ ಅವನು ಸಾಯುತ್ತಾನೆ ಎಂಬುದು ನಂಬಿಕೆ. ಹೊಟ್ಟೆ ಸೀಳಿದ ಮೇಲೆ ಅವನು ಸತ್ತವನ ಉಡುಪಿನಲ್ಲಿ ಏನಾದರೊಂದನ್ನು ತೊಟ್ಟುಕೊಳ್ಳಬೇಕಿತ್ತು. ವೈದ್ಯರು ಮದ್ದು ಕೊಟ್ಟು ಶುದ್ಧಿ ಮಾಡುವವರೆಗೂ ಅವನು ಮನೆಮಂದಿಯೊಂದಿಗೆ ಎಂದಿನಂತೆ ಬೆರೆಯುವಂತಿರಲಿಲ್ಲ. ಒಂದೇ ಹೊಟ್ಟೆಯನ್ನು ಎರಡು ಕಡೆಯವರು ಎರಡು ರೀತಿ ಓದಿದರು. ಒಬ್ಬರಿಗೆ ಅದು ಅವಮಾನಗೊಂಡ ಹೆಣ, ಇನ್ನೊಬ್ಬರಿಗೆ ಕೊಂದವನಿಗೂ ಸತ್ತವನಿಗೂ ನಡುವೆ ಇನ್ನೂ ಕಡಿಯದ ನಂಟು.

ಜುಲು ವೈದ್ಯ ಸಂಸ್ಕೃತಿಯ ಬಗ್ಗೆ ಓದುತ್ತಾ ಹೋದಂತೆ ನನಗೆ ಈ ಪ್ರಸಂಗ ಒಂದು ಕೀಲಿಕೈಯಂತೆ ಕಾಣತೊಡಗಿತು. ಅಲ್ಲಿ ದೇಹದ ಯಾವ ಅಂಗವೂ ಬರೀ ಅಂಗವಲ್ಲ. ಪ್ರತಿಯೊಂದೂ ಯಾರೋ ಬಂದು ತಟ್ಟುವ ಬಾಗಿಲು. ತಟ್ಟುವವರು ಹಿರಿಯರಿರಬಹುದು, ಹಗೆಯಿರಬಹುದು, ಸತ್ತವರಿರಬಹುದು. ಇದನ್ನು ನಮಗೆ ದಾಟಿಸಿರುವ ಬರಹಗಳು ಕೆಲವೇ. ನಟಾಲಿನಲ್ಲಿದ್ದ, ಸ್ವತಃ ವೈದ್ಯನೂ ಆಗಿದ್ದ ಮಿಷನರಿ ಹೆನ್ರಿ ಕ್ಯಾಲವೇ 1868ರಿಂದ 1870ರ ನಡುವೆ ಜುಲು ಮೂಲ ಮತ್ತು ಇಂಗ್ಲಿಷ್ ಅನುವಾದಗಳನ್ನು ಅಕ್ಕಪಕ್ಕ ಅಚ್ಚು ಹಾಕಿಸಿದ. ಅದರಲ್ಲಿನ ಮಾತುಗಳಲ್ಲಿ ದೊಡ್ಡ ಪಾಲು ಎಂಪೆಂಗುಲಾ ಎಂಬಾಂಡಾ ಎಂಬ ಜುಲು ಕ್ರೈಸ್ತನದು. ಸುಮಾರು ನೂರು ವರ್ಷಗಳ ನಂತರ, 1970ರ ದಶಕದಲ್ಲಿ, ಎರಡು ಮುಖ್ಯ ಪುಸ್ತಕಗಳು ಬಂದವು. ಒಂದು ಸ್ವೀಡಿಷ್ ಮೂಲದ ಪಾದ್ರಿ ಆಕ್ಸೆಲ್-ಇವಾರ್ ಬರ್ಗ್ಲುಂಡ್ ಬರೆದದ್ದು. ಇನ್ನೊಂದು ಜುಲು ಮಾನವಶಾಸ್ತ್ರಜ್ಞೆ ಹ್ಯಾರಿಯೆಟ್ ಎಂಗುಬಾನೆ 1977ರಲ್ಲಿ ಪ್ರಕಟಿಸಿದ ದೇಹ ಮತ್ತು ಮನಸ್ಸಿನ ಅಧ್ಯಯನ. ಎಂಗುಬಾನೆ ತನ್ನದೇ ಭಾಷೆಯ ಜನರ ನಡುವೆ, ಡರ್ಬನ್ ಹಿಂದಿನ ಬೆಟ್ಟಗಳ ನ್ಯೂಸ್ವಾ ಸಮುದಾಯದಲ್ಲಿ ಕೆಲಸ ಮಾಡಿದವರು. ಹಾಗಾಗಿ ಅವರ ಬರಹದಲ್ಲಿ ಬೆರಗಿಗಿಂತ ವಿವರ ಹೆಚ್ಚು.

ಮೊದಲು ಮಾತಿನಿಂದಲೇ ಶುರು ಮಾಡೋಣ. ಜುಲು ಭಾಷೆಯಲ್ಲಿ ‘ಇಸಿಬಿಂದಿ’ ಎಂದರೆ ಯಕೃತ್ತು, ನಮ್ಮ ಆಡುಮಾತಿನ ಈಲಿ. ಅದೇ ಪದಕ್ಕೆ ಧೈರ್ಯ ಎಂಬ ಅರ್ಥವೂ ಇದೆ. ನಾವು ‘ಅವನಿಗೆ ಗುಂಡಿಗೆ ಇದೆ’ ಎನ್ನುವ ಕಡೆ ಅವರು ‘ಅವನಿಗೆ ಈಲಿ ಇದೆ’ ಎನ್ನುತ್ತಾರೆ. ‘ಇನ್ಹ್ಲಿಝಿಯೊ’ ಎಂದರೆ ಹೃದಯ; ಮನಸ್ಸು, ಸ್ವಭಾವ, ಸಿಟ್ಟು ಎಲ್ಲವೂ ಅದರಲ್ಲೇ. ‘ಇಂಕಾಬ’ ಎಂದರೆ ಹೊಕ್ಕುಳು, ಹೊಕ್ಕುಳಬಳ್ಳಿ. ಮಗುವಿನ ಬಳ್ಳಿಯನ್ನು ಹೂತ ನೆಲವೇ ಅವನ ಊರು. ‘ನಿನ್ನ ಇಂಕಾಬ ಎಲ್ಲಿ?’ ಎಂದು ಕೇಳಿದರೆ ನಿನ್ನ ಮೂಲ ಎಲ್ಲಿ, ನಿನ್ನ ಹಿರಿಯರು ಎಲ್ಲಿದ್ದಾರೆ ಎಂದು ಕೇಳಿದಂತೆ. ಹೊಟ್ಟೆಕಿಚ್ಚು, ಕರುಳಿನ ಕೂಗು ಎಂದೆಲ್ಲ ಮಾತಾಡುವ ಕನ್ನಡಿಗರಿಗೆ ಇದರಲ್ಲಿ ಅಚ್ಚರಿಯೇನಿಲ್ಲ. ಅಂಗಗಳಿಗೆ ಭಾವ ತುಂಬದ ಭಾಷೆಯೇ ಸಿಗಲಾರದು. ಜುಲು ಸಂಪ್ರದಾಯದಲ್ಲಿ ನನ್ನ ಗಮನ ಸೆಳೆದದ್ದು ಅದರ ಮುಂದಿನ ಹೆಜ್ಜೆ. ಬಾಯಲ್ಲಿ ರೂಪಕವಾಗಿರುವುದು ಅಲ್ಲಿ ಕೈಯಲ್ಲಿ ಕ್ರಿಯೆಯಾಗುತ್ತದೆ.

ಇದಕ್ಕೆ ಒಳ್ಳೆಯ ಉದಾಹರಣೆ ‘ಇನ್ಯೊಂಗೊ’, ಅಂದರೆ ಪಿತ್ತ ಮತ್ತು ಪಿತ್ತಕೋಶ. ಮನೆಯಲ್ಲಿ ಕಾಯಿಲೆಯೋ ಮದುವೆಯೋ ಬಂದಾಗ ಹಿರಿಯರಿಗೆಂದು ಮೇಕೆ ಕಡಿಯುತ್ತಾರೆ. ತೀರಿಕೊಂಡ ಹಿರಿಯರಿಗೆ ‘ಅಮಾದ್ಲೋಝಿ’ ಎಂದು ಹೆಸರು. ಗುಂಡಗಿನ ಗುಡಿಸಲಿನ ಹಿಂಬದಿಯಲ್ಲಿ, ಬಾಗಿಲಿಗೆ ಎದುರಾಗಿರುವ ‘ಉಮ್ಸಾಮೊ’ ಎಂಬ ಜಾಗ ಅವರದು. ಅಲ್ಲಿ ‘ಇಂಪೆಪೊ’ ಎಂಬ ಒಣಗಿದ ಗಿಡದ ಧೂಪ ಹಾಕಿ, ಯಾರಿಗಾಗಿ, ಯಾಕೆ ಈ ಮೇಕೆ ಎಂದು ಹಿರಿಯರಿಗೆ ಬಾಯಿಬಿಟ್ಟು ಹೇಳುತ್ತಾರೆ. ಮೇಕೆಯ ಪಿತ್ತವನ್ನು ಯಾರಿಗಾಗಿ ಬಲಿಯೋ ಅವರ ಮೈಮೇಲೆ ಸುರಿಯುತ್ತಾರೆ. ಹಿರಿಯರಿಗೆ ಪಿತ್ತವೆಂದರೆ ಬಲು ಪ್ರೀತಿ, ಅವರು ಬಂದು ಅದನ್ನು ನೆಕ್ಕುತ್ತಾರೆ ಎಂಬುದು ನಂಬಿಕೆ. ಮನುಷ್ಯರ ನಾಲಿಗೆಗೆ ಅದಕ್ಕಿಂತ ಕಹಿಯಾದದ್ದು ಇನ್ನೊಂದಿಲ್ಲ. ಸತ್ತವರೂ ಬದುಕಿದ್ದವರೂ ಒಂದೇ ಮೈಯಲ್ಲಿ ಸೇರುವುದು ಈ ಕಹಿಯ ಮೂಲಕ. ಖಾಲಿಯಾದ ಪಿತ್ತಕೋಶಕ್ಕೆ ಗಾಳಿ ಊದಿ, ಒಣಗಿಸಿ, ಮಣಿಕಟ್ಟಿಗೋ ತಲೆಗೂದಲಿಗೋ ಕಟ್ಟುತ್ತಾರೆ. ಮದುಮಗಳು ಅದನ್ನು ಮುಡಿಯುತ್ತಾಳೆ. ಕಣಿ ಹೇಳುವ ‘ಇಸಂಗೋಮ’ಳ ಜಡೆಯಲ್ಲಂತೂ ಇಂಥ ಚೀಲಗಳ ಸಾಲೇ ಇರುತ್ತದೆ. ದೂರದಿಂದ ನೋಡಿದವರೂ ಅವಳು ಯಾರೆಂದು ಅದರಿಂದಲೇ ಗುರುತಿಸಬಲ್ಲರು.

ಇಲ್ಲಿ ಕನ್ನಡದ ‘ಪಿತ್ತ’ ಪದ ನಮ್ಮ ದಾರಿ ತಪ್ಪಿಸಬಹುದು. ಪಿತ್ತ ನೆತ್ತಿಗೇರಿತು ಎನ್ನುವ ನಮಗೆ ಅದು ಸಿಟ್ಟು, ಭ್ರಮೆ. ಆಯುರ್ವೇದದಲ್ಲಿ ವಾತ ಕಫಗಳ ಜೊತೆ ಸಮತೂಕದಲ್ಲಿರಬೇಕಾದ ದೋಷ. ಜುಲು ಇನ್ಯೊಂಗೊಗೆ ಅಂಥ ತ್ರಿಕೂಟವಿಲ್ಲ. ಮೈಯಲ್ಲಿ ಅದು ಹೆಚ್ಚಾದರೆ ತಲೆನೋವು, ಮೈಭಾರ, ಆಲಸ್ಯ ಬರುತ್ತವೆ ಎಂದು ವಾಂತಿ ಮಾಡಿಸುವ ಮದ್ದು ಕುಡಿಯುತ್ತಾರೆ, ಬಸ್ತಿ ತೆಗೆದುಕೊಳ್ಳುತ್ತಾರೆ. ಕಾಯಿಲೆಯಿಲ್ಲದವರೂ ಆಗಾಗ ಹೀಗೆ ಒಳಗನ್ನು ತೊಳೆದುಕೊಳ್ಳುವುದುಂಟು. ಹೊರಹಾಕಬೇಕಾದದ್ದೂ ಅದೇ, ಹಿರಿಯರನ್ನು ಒಳಕರೆಯುವುದೂ ಅದೇ.

ವಾಂತಿ ಒಬ್ಬೊಬ್ಬರ ಖಾಸಗಿ ಸಂಗತಿಯೂ ಆಗಿರಲಿಲ್ಲ. ಯುದ್ಧಕ್ಕೆ ಹೊರಡುವ ಮುನ್ನ ಇಡೀ ಪಡೆ ಮದ್ದು ಕುಡಿದು ಒಂದೇ ಗುಂಡಿಗೆ ವಾಂತಿ ಮಾಡುತ್ತಿತ್ತು. ಅದರಲ್ಲಿ ನೆನೆದ ಹುಲ್ಲಿನ ಸ್ವಲ್ಪ ಭಾಗವನ್ನು ‘ಇಂಕಾಥಾ’ ಎಂಬ ಪವಿತ್ರವಾದ ಹುಲ್ಲಿನ ಸಿಂಬಿಗೆ ಸೇರಿಸುತ್ತಿದ್ದರು. ನೀರಿನ ಕೊಡ ಹೊರುವವರು ತಲೆಯ ಮೇಲಿಟ್ಟುಕೊಳ್ಳುವ ಸಿಂಬಿಯದೇ ಆಕಾರ ಅದರದು. ಹೆಬ್ಬಾವಿನ ಚರ್ಮ ಸುತ್ತಿ, ರಾಜನ ಮೈಯಿಂದ ಬಂದ ಕೊಳೆಯನ್ನೂ ಅದರೊಳಗೆ ಸೇರಿಸಿ ಕಾಪಾಡುತ್ತಿದ್ದರು. ಸಾವಿರಾರು ಹೊಟ್ಟೆಗಳಿಂದ ಬಂದದ್ದನ್ನು ಒಂದು ಸುರುಳಿಯಲ್ಲಿ ಸುತ್ತಿದರೆ ನಾಡು ಒಂದಾಗಿರುತ್ತದೆ ಎಂಬ ಕಲ್ಪನೆಯದು. ಇಸಾಂಡ್ಲ್ವಾನಾದ ಸೋಲಿನ ನಂತರ ಮತ್ತೆ ದಂಡೆತ್ತಿ ಬಂದ ಬ್ರಿಟಿಷರು 1879ರ ನಡುವಿನಲ್ಲಿ ರಾಜನಿವಾಸಗಳಿಗೆ ಬೆಂಕಿಯಿಟ್ಟಾಗ ಆ ಸುರುಳಿಯೂ ಸುಟ್ಟುಹೋಯಿತು. ಬೆಂಕಿಯಿಟ್ಟವರ ಕಣ್ಣಿಗೆ ಅದು ಹುಲ್ಲು.

ಹೊಟ್ಟೆಯಿಂದ ಭುಜಕ್ಕೆ ಬರೋಣ. ಕ್ಯಾಲವೇ ದಾಖಲಿಸಿದ ಮಾತುಗಳಲ್ಲಿ ಇಸಂಗೋಮ ಆಗಲಿರುವವನೊಬ್ಬನ ಕಾಯಿಲೆಯ ವರ್ಣನೆಯಿದೆ. ಆರಂಭದಲ್ಲಿ ಅವನು ಗಟ್ಟಿಮುಟ್ಟಾಗಿಯೇ ಕಾಣುತ್ತಾನೆ. ಬರಬರುತ್ತ ಊಟ ರುಚಿಸುವುದಿಲ್ಲ, ಮೈಯಲ್ಲಿ ಅಲ್ಲಲ್ಲಿ ನೋವು, ರಾತ್ರಿಯೆಲ್ಲ ಕನಸು. ಪದೇ ಪದೇ ಆಕಳಿಸುತ್ತಾನೆ, ಸೀನುತ್ತಾನೆ. ಹಿರಿಯರು ಅವನನ್ನು ಹುಡುಕಿಕೊಂಡು ಬಂದಿದ್ದಾರೆ. ಅವರ ಇರವು ಅವನಿಗೆ ತಿಳಿಯುವ ಜಾಗ ಭುಜ. ಇಸಂಗೋಮಳಿಗೆ ತನಗೆ ಹೊಳೆಯುವುದೆಲ್ಲ ಮೊದಲು ಭುಜದಲ್ಲಿ ಗೊತ್ತಾಗುತ್ತದಂತೆ. ಹೊರೆ ಹೊರುವ ಜಾಗದಲ್ಲೇ ಹಿರಿಯರು ಕೂರುತ್ತಾರೆ ಎಂಬುದನ್ನು ಓದಿದಾಗ, ಈ ಕರೆಯನ್ನು ವರ ಎನ್ನಬೇಕೋ ಭಾರ ಎನ್ನಬೇಕೋ ನನಗೆ ತಿಳಿಯಲಿಲ್ಲ. ಕರೆ ಬಂದವರಿಗೂ ಅದು ಕಾಯಿಲೆಯಾಗಿಯೇ ಬರುತ್ತದೆ. ಒಪ್ಪಿಕೊಂಡು ಗುರುವಿನ ಬಳಿ ಕಲಿತರೆ ಮಾತ್ರ ವಾಸಿ.

ಇಸಂಗೋಮಳ ಬಳಿ ಹೋದವರು ತಮ್ಮ ನೋವು ಎಲ್ಲಿದೆ ಎಂದು ತಾವೇ ಹೇಳುವುದಿಲ್ಲ. ಹೇಳಬೇಕಾದವಳು ಅವಳು. ಅವಳು ಒಂದೊಂದಾಗಿ ಹೇಳುತ್ತ ಹೋದಂತೆ ಬಂದವರು ಚಪ್ಪಾಳೆ ತಟ್ಟಿ ‘ಸಿಯಾವುಮ’ ಎನ್ನುತ್ತಾರೆ, ‘ಒಪ್ಪಿದೆವು’ ಎಂದರ್ಥ. ಚಪ್ಪಾಳೆಯ ಬಿರುಸಿನಲ್ಲಿ ಮಾತು ದಾರಿ ಹುಡುಕಿಕೊಳ್ಳುತ್ತದೆ. ರೋಗಿ ಒಬ್ಬನೇ ಬರುವುದು ಕಡಿಮೆ, ಜೊತೆಗೆ ಮನೆಯವರಿರುತ್ತಾರೆ. ಹೀಗೆ ಒಬ್ಬನ ಮೈಯೊಳಗಿನ ನೋವನ್ನು ಒಂದು ಕುಟುಂಬ ಗಟ್ಟಿಯಾಗಿ, ಒಟ್ಟಾಗಿ ಓದುತ್ತದೆ.

ಹಗೆಯೂ ಇದೇ ಮೈಯಲ್ಲಿ ತನ್ನ ದಾರಿಗಳನ್ನು ಇಟ್ಟುಕೊಂಡಿದೆ. ದಾರಿಯಲ್ಲಿ ಇಟ್ಟ ಕೆಟ್ಟ ಮದ್ದನ್ನು ದಾಟಿದರೆ ಕಾಲು, ಕೀಲುಗಳ ಮೂಲಕ ಬರುವ ಕಾಯಿಲೆ ‘ಉಮೇಕೊ’. ಹೆಸರಿನಲ್ಲೇ ದಾಟುವ ಅರ್ಥವಿದೆ. ಮೂರು ದಾರಿ ಕೂಡುವಲ್ಲಿ ಬಿದ್ದ ನಿಂಬೆಹಣ್ಣನ್ನು ದಾಟಬೇಡ ಎಂದು ಕೇಳಿ ಬೆಳೆದವರಿಗೆ ಇದನ್ನು ವಿವರಿಸಬೇಕಿಲ್ಲ. ಎದೆಗೆ ಸಂಬಂಧಿಸಿದ್ದು ‘ಇಸಿದ್ಲಿಸೊ’. ಊಟದಲ್ಲಿ ಬೆರೆಸಿ ಕೊಟ್ಟದ್ದು ಎಂದು ಅದರ ಅರ್ಥ, ನಮ್ಮ ಕಡೆ ‘ಮದ್ದು ಹಾಕಿದ್ದಾರೆ’ ಎನ್ನುತ್ತಾರಲ್ಲ, ಅದೇ. ಅದು ಎದೆಯಲ್ಲಿ ಕುಳಿತು ಕೆಮ್ಮು ತರಿಸುತ್ತದೆ, ಮೈಯನ್ನು ಒಳಗಿನಿಂದ ತಿನ್ನುತ್ತದೆ. ಪಾದದ ಕಾಯಿಲೆ ಬೀದಿಯ ಭಯವಾದರೆ ಎದೆಯ ಕಾಯಿಲೆ ಅಡುಗೆಮನೆಯ ಭಯ. ಅನ್ನ ಕೊಡುವಷ್ಟು ಹತ್ತಿರದವರು ಮಾತ್ರ ತಾನೇ ಹೀಗೆ ಮಾಡಬಲ್ಲರು? ಈ ಪ್ರಶ್ನೆಯ ಚೂಪು ಮುಂದೆ ಬಹಳ ಜನರ ಬದುಕನ್ನು ಕೊಯ್ದಿತು.

ಹಾಗೆಂದು ಜುಲು ಜನ ಎಲ್ಲ ಕಾಯಿಲೆಗೂ ಹಗೆಯನ್ನೋ ಹಿರಿಯರನ್ನೋ ಕಾರಣ ಮಾಡುತ್ತಿರಲಿಲ್ಲ. ಎಂಗುಬಾನೆ ಇದನ್ನು ಸ್ಪಷ್ಟವಾಗಿ ಬಿಡಿಸಿ ತೋರಿಸುತ್ತಾರೆ. ನೆಗಡಿ, ಜ್ವರದಂಥವು ‘ಉಮ್ಖುಹ್ಲಾನೆ’, ತಾವಾಗಿ ಬರುವಂಥವು. ಅವುಗಳಿಗೆ ಯಾರ ಮದ್ದಾದರೂ ಆದೀತು, ಆಸ್ಪತ್ರೆಯ ಮಾತ್ರೆಯೂ ಆದೀತು. ‘ಉಕುಫಾ ಕ್ವಾಬಂತು’, ಅಂದರೆ ‘ನಮ್ಮ ಜನರ ಕಾಯಿಲೆ’ಗಳು ಬೇರೆ. ಅವು ನಂಟು ಕೆಟ್ಟು ಬಂದವು, ನಂಟನ್ನು ನೇರ್ಪಡಿಸದೆ ಹೋಗುವುದಿಲ್ಲ. ಅವುಗಳ ಚಿಕಿತ್ಸೆಯಲ್ಲಿ ಮೊದಲು ಕಪ್ಪು ಮದ್ದು, ಆಮೇಲೆ ಕೆಂಪು, ಕೊನೆಗೆ ಬಿಳಿ. ಈ ಕ್ರಮ ತಿರುವುಮುರುವಾಗುವಂತಿಲ್ಲ. ಕಪ್ಪು ರಾತ್ರಿಯದು, ಮಲದ್ದು, ಸಾವಿನದು. ಬಿಳಿ ಹಗಲಿನದು, ಅನ್ನದ್ದು. ಕೆಂಪು ನಡುವಿನ ಸಂಧ್ಯೆ, ರಕ್ತ. ರೋಗಿ ರಾತ್ರಿಯಿಂದ ಹಗಲಿಗೆ ನಡೆದು ಬರಬೇಕು. ಹೆರಿಗೆ ಮತ್ತು ಸಾವು ಎರಡೂ ಈ ಲೋಕ ಆ ಲೋಕಗಳ ನಡುವಿನ ಬಾಗಿಲು ತೆರೆಯುವ ಹೊತ್ತು. ಆದ್ದರಿಂದ ಬಾಣಂತಿಗೂ ಸಾವಿನ ಮನೆಯ ಹೆಂಗಸಿಗೂ ‘ಉಮ್ನ್ಯಾಮ’ ತಗಲುತ್ತದೆ, ಕತ್ತಲು ಎಂಬರ್ಥದ ಒಂದು ಬಗೆಯ ಮೈಲಿಗೆ. ಪುರುಡು, ಸೂತಕ ಎರಡನ್ನೂ ಬಲ್ಲ ನಮಗೆ ಅದರ ನೆರಳು ಪರಿಚಿತ. ಆ ಬಾಗಿಲನ್ನು ಮೈಯಲ್ಲೇ ಹೊತ್ತವಳು ಹೆಣ್ಣು ಎಂಬುದು ಎಂಗುಬಾನೆಯ ಮುಖ್ಯ ಮಾತು. ಇಸಂಗೋಮರಲ್ಲಿ ಹೆಂಗಸರೇ ಹೆಚ್ಚಾಗಿರುವುದಕ್ಕೂ ಇದಕ್ಕೂ ಅವರು ನಂಟು ಕಾಣುತ್ತಾರೆ.

ಇಂಥ ವ್ಯವಸ್ಥೆಯ ಮೇಲೆ ವಸಾಹತು ಕಾನೂನು ಕತ್ತರಿ ಆಡಿಸಿತು. ಜುಲು ವೈದ್ಯರಲ್ಲಿ ಸ್ಥೂಲವಾಗಿ ಎರಡು ಬಗೆ. ಗಿಡಮೂಲಿಕೆ ಕೊಡುವ ‘ಇನ್ಯಾಂಗ’ ಮತ್ತು ಕಾಯಿಲೆಯ ಅರ್ಥ ಹೇಳುವ ಇಸಂಗೋಮ. 1891ರ ನಟಾಲ್ ಕಾನೂನು ಸಂಹಿತೆ ಇನ್ಯಾಂಗರಿಗೆ ಪರವಾನಗಿ ಕೊಟ್ಟು ಇಸಂಗೋಮರನ್ನು ನಿಷೇಧಿಸಿತು. ಸೊಪ್ಪು ಬೇರು ಸರಿ, ಅರ್ಥ ಹೇಳುವುದು ಅಪರಾಧ. ಗೊಡ್ಡುನಂಬಿಕೆಯನ್ನು ಬೇರ್ಪಡಿಸಿ ಔಷಧಿಯನ್ನು ಉಳಿಸಿಕೊಂಡೆವು ಎಂದು ಸರ್ಕಾರ ಅಂದುಕೊಂಡಿರಬಹುದು. ಆದರೆ ಮೇಕೆಯ ಪಿತ್ತಕ್ಕೆ ಯಾರ ಮೇಕೆ, ಯಾರಿಗಾಗಿ, ಯಾರನ್ನು ಕರೆದು ಎಂಬ ಮಾತುಗಳಿಲ್ಲದೆ ಯಾವ ಬಲವೂ ಇರಲಿಲ್ಲ. ಪರವಾನಗಿ ಸಿಕ್ಕ ಮೂಲಿಕೆ ಈಗ ಅಂಗಡಿಯ ಸರಕಾಗುವ ದಾರಿ ಹಿಡಿಯಿತು. ಈ ವ್ಯಾಪಾರದಲ್ಲಿ ಭಾರತದ ಪಾಲೂ ಇದೆ. 1860ರಿಂದ ಕಬ್ಬಿನ ತೋಟಗಳಿಗೆ ಕೂಲಿಗಳಾಗಿ ಹೋದವರು, ಅವರ ಹಿಂದೆ ವ್ಯಾಪಾರಕ್ಕೆ ಹೋದವರು ನಟಾಲಿನಲ್ಲಿ ನೆಲೆಯೂರಿದರು. ಮುಂದೆ ಡರ್ಬನ್ನಿನಲ್ಲಿ ಆಫ್ರಿಕನ್ ಮೂಲಿಕೆಗಳ ಅಂಗಡಿ ಇಟ್ಟವರಲ್ಲಿ ಭಾರತೀಯರೂ ಇದ್ದರು. ಇತಿಹಾಸಕಾರ್ತಿ ಕ್ಯಾರೆನ್ ಫ್ಲಿಂಟ್ 2008ರ ತಮ್ಮ ಪುಸ್ತಕದಲ್ಲಿ ಈ ಕೊಡುಕೊಳ್ಳುವಿಕೆಯನ್ನು ವಿವರಿಸಿದ್ದಾರೆ.

ಅಂಗ ನಂಟಿನಿಂದ ಕಳಚಿ ಸರಕಾದರೆ ಏನಾಗುತ್ತದೆ ಎಂಬುದಕ್ಕೆ ರಣಹದ್ದುಗಳೇ ಸಾಕ್ಷಿ. ಎಲ್ಲೋ ಬಿದ್ದ ಸತ್ತ ಪ್ರಾಣಿಯನ್ನು ಆಕಾಶದಿಂದ ಕಂಡು ಇಳಿಯುವ ಹಕ್ಕಿ ಮುಂದಾಗುವುದನ್ನೂ ಕಾಣುತ್ತದೆ ಎಂಬ ನಂಬಿಕೆಯಿಂದ ಅದರ ತಲೆ, ಮಿದುಳುಗಳಿಗೆ ಬೇಡಿಕೆ. ಜೂಜು, ಲಾಟರಿಗಳ ಅದೃಷ್ಟಕ್ಕೂ ಅದನ್ನು ಕೊಳ್ಳುವವರಿದ್ದಾರೆ. ಸತ್ತ ಪ್ರಾಣಿಯ ಮಾಂಸಕ್ಕೆ ವಿಷ ಬೆರೆಸಿ ಹದ್ದುಗಳನ್ನು ಹಿಂಡುಹಿಂಡಾಗಿ ಕೊಲ್ಲುತ್ತಾರೆ. ದಕ್ಷಿಣ ಆಫ್ರಿಕಾದ ರಣಹದ್ದುಗಳಿಗಿರುವ ಅಪಾಯಗಳಲ್ಲಿ ಇದೂ ಒಂದು. ಇದಕ್ಕಿಂತ ಘೋರವಾದದ್ದು ಮನುಷ್ಯರ ಅಂಗಗಳಿಗಾಗಿ ನಡೆದ ಕೊಲೆಗಳು. ಅಂಥ ಪ್ರಕರಣಗಳು ಅಲ್ಲಿನ ನ್ಯಾಯಾಲಯಗಳಿಗೆ ಬಂದಿವೆ. ಸಾಂಪ್ರದಾಯಿಕ ವೈದ್ಯರ ಸಂಘಟನೆಗಳೂ ಇವನ್ನು ಖಂಡಿಸಿವೆ. ಇದೆಲ್ಲ ಮಾರುಕಟ್ಟೆ ಬಂದ ಮೇಲಿನ ಕೆಡುಕು ಎಂದು ಕೈತೊಳೆದುಕೊಳ್ಳಲೂ ಆಗದು. 1879ರ ಯುದ್ಧದಲ್ಲೇ ಬಿದ್ದ ಶತ್ರುಗಳ ದೇಹದ ತುಣುಕುಗಳನ್ನು ಯುದ್ಧಮದ್ದಿಗಾಗಿ ತೆಗೆದುಕೊಂಡದ್ದುಂಟು. ಅಂಗಕ್ಕೆ ಅಷ್ಟೊಂದು ಅರ್ಥ ತುಂಬಿದ ಸಂಸ್ಕೃತಿಗೆ ಅದನ್ನು ಕದಿಯುವ ಆಸೆಯೂ ಹೊಸದಲ್ಲ.

2007ರಲ್ಲಿ ದಕ್ಷಿಣ ಆಫ್ರಿಕಾ ಸಾಂಪ್ರದಾಯಿಕ ವೈದ್ಯರ ಕಾಯಿದೆಯನ್ನು ತಂದು ಮೂಲಿಕೆ ವೈದ್ಯರ ಜೊತೆಗೆ ಕಣಿ ಹೇಳುವವರನ್ನೂ ಮಾನ್ಯ ಮಾಡಿತು. 1891ರಲ್ಲಿ ಕತ್ತರಿಸಿದ್ದನ್ನು 116 ವರ್ಷಗಳ ನಂತರ ಕಾಗದದ ಮೇಲೆ ಮತ್ತೆ ಹೊಲಿದಂತಾಯಿತು. ಹೀಗೆ ಹೊಲಿಯುವುದು ನಿಜಕ್ಕೂ ಎಷ್ಟು ಕಷ್ಟ ಎಂಬುದನ್ನು ಕ್ಷಯದ ಇತಿಹಾಸ ತೋರಿಸುತ್ತದೆ.

1886ರಲ್ಲಿ ಜೊಹಾನ್ಸ್‌ಬರ್ಗ್ ಬಳಿ ಚಿನ್ನ ಸಿಕ್ಕ ಮೇಲೆ ಜುಲು ಹಳ್ಳಿಗಳ ಗಂಡಸರು ಗಣಿಗಳಿಗೆ ಹೋಗತೊಡಗಿದರು. ಕಲ್ಲಿನ ದೂಳು, ಕಿಕ್ಕಿರಿದ ವಸತಿ, ಅರೆಹೊಟ್ಟೆ. ಕ್ಷಯ ತಗಲಿ ದುಡಿಯಲಾರದವರನ್ನು ಗಣಿಗಳು ಊರಿಗೆ ಕಳಿಸಿದವು. ಅವರೊಂದಿಗೆ ರೋಗವೂ ಊರಿಗೆ ಬಂತು. ಕೆಮ್ಮು, ರಕ್ತ, ಕರಗುವ ಮೈ ನೋಡಿದ ಊರಿನವರಿಗೆ ಅದು ಇಸಿದ್ಲಿಸೊ ಎನಿಸಿತು. ಯಾರೋ ಹತ್ತಿರದವರು ಏನನ್ನೋ ತಿನ್ನಿಸಿದ್ದಾರೆ. ಇದನ್ನು ಬರೀ ಅಜ್ಞಾನ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಈ ಎದೆರೋಗ ಒಬ್ಬ ಮನುಷ್ಯ ಇನ್ನೊಬ್ಬನಿಗೆ ಮಾಡಿದ ಕೇಡು ಎಂಬ ಊಹೆಯಲ್ಲಿ ಸತ್ಯವಿತ್ತು. ಕೇಡು ಮಾಡಿದವರು ಮಾತ್ರ ಬೇರೆ. ಅವರು ಗಣಿಯ ಲೆಕ್ಕಪುಸ್ತಕದ ಹಿಂದಿದ್ದರು. ಸಂಶಯ ಬಿದ್ದದ್ದು ಹೆಂಡತಿಯ ಮೇಲೆ, ಅತ್ತಿಗೆಯ ಮೇಲೆ, ಪಕ್ಕದ ಮನೆಯವಳ ಮೇಲೆ.

1940ರಲ್ಲಿ ಸಿಡ್ನಿ ಕಾರ್ಕ್ ಮತ್ತು ಎಮಿಲಿ ಕಾರ್ಕ್ ಎಂಬ ವೈದ್ಯ ದಂಪತಿ ನಟಾಲಿನ ದಕ್ಷಿಣದ ಫೊಲೆಲಾ ಎಂಬಲ್ಲಿ ಆರೋಗ್ಯ ಕೇಂದ್ರ ತೆರೆದರು. ಮನೆಮನೆಗೆ ಹೋಗಿ ಕಾಯಿಲೆಯನ್ನೂ ಬದುಕನ್ನೂ ಒಟ್ಟಿಗೆ ನೋಡುವುದು ಅವರ ಪದ್ಧತಿ. ಅಲ್ಲಿ ಕೆಲಸ ಮಾಡಿದ ಜಾನ್ ಕ್ಯಾಸೆಲ್ ಎಂಬ ವೈದ್ಯರು 1955ರಲ್ಲಿ ಅಚ್ಚಾದ ಬರಹವೊಂದರಲ್ಲಿ ಕ್ಷಯ ತಗಲಿದ ಒಬ್ಬ ಹುಡುಗಿಯ ಸಂಗತಿ ಹೇಳುತ್ತಾರೆ. ಈ ರೋಗ ಹರಡುವುದು, ನಿಮ್ಮ ಮಗಳಿಂದ ಬೇರೆಯವರಿಗೂ ಬರಬಹುದು ಎಂದು ವೈದ್ಯರು ತಂದೆಗೆ ವಿವರಿಸಿದರು. ವಿಜ್ಞಾನದ ಪ್ರಕಾರ ಪ್ರತಿ ಮಾತೂ ಸರಿ. ತಂದೆ ಕೆರಳಿದ. ಎದೆಯ ಕಾಯಿಲೆಯನ್ನು ಇನ್ನೊಬ್ಬರಿಗೆ ಕೊಡಬಲ್ಲವರು ಮಾಟ ಮಾಡುವವರು ಮಾತ್ರ ಎಂದು ನಂಬಿದ ಊರಿನಲ್ಲಿ, ಡಾಕ್ಟರು ತನ್ನ ಮಗಳನ್ನು ಮಾಟಗಾತಿ ಎಂದಂತಾಗಿತ್ತು. ಅವಳನ್ನು ಆಸ್ಪತ್ರೆಗೆ ಕಳಿಸಲು ಅವನು ಒಪ್ಪಲಿಲ್ಲ. ತಮ್ಮ ಮಾತಿನಿಂದ ಹುಟ್ಟಿದ ಸಂಶಯಕ್ಕಾಗಿ ವೈದ್ಯರು ಕ್ಷಮೆ ಕೇಳಬೇಕಾಯಿತು. ಆಮೇಲೆಯೇ ತಂದೆ ಮಗಳ ಚಿಕಿತ್ಸೆಗೆ ಒಪ್ಪಿದ.

ಕ್ಷಮೆ ಕೇಳಿದ ವೈದ್ಯರು ಕ್ಷಯದ ರೋಗಾಣುವಿನ ಬಗ್ಗೆ ತಮಗೆ ಗೊತ್ತಿದ್ದದ್ದರಲ್ಲಿ ಒಂದಕ್ಷರವನ್ನೂ ಬಿಟ್ಟುಕೊಡಲಿಲ್ಲ. ತಂದೆಯೂ ತನ್ನ ನಂಬಿಕೆಯನ್ನು ಬಿಡಲಿಲ್ಲ. ಒಬ್ಬರ ಪಾಲಿಗೆ ಆ ಎದೆಯಲ್ಲಿ ರೋಗಾಣುವಿತ್ತು, ಇನ್ನೊಬ್ಬರ ಪಾಲಿಗೆ ಇಡೀ ಊರಿನ ಕಣ್ಣಿತ್ತು. ಎರಡನ್ನೂ ಲೆಕ್ಕಕ್ಕೆ ತೆಗೆದುಕೊಂಡ ದಿನ ಆ ಹುಡುಗಿಗೆ ಆಸ್ಪತ್ರೆಯ ಬಾಗಿಲು ತೆರೆಯಿತು.